ಹೊಸದುರ್ಗದ ಸೋಲು, ಬಾಗಲಕೋಟೆಯ ಹಾದಿ

1962ರ ಫೆಬ್ರವರಿಯಲ್ಲಿ ಮೈಸೂರು ರಾಜ್ಯದ ವಿಧಾನಸಭೆಗೆ ಮತದಾನ ನಡೆಯಿತು. ಎಣಿಕೆ ಮುಗಿದಾಗ 208 ಸ್ಥಾನಗಳಲ್ಲಿ 138 ಕಾಂಗ್ರೆಸ್ಸಿನ ಪಾಲಾಗಿದ್ದವು. ಸರ್ಕಾರ ಯಾರದು ಎಂಬ ಪ್ರಶ್ನೆಯೇ ಉಳಿಯಲಿಲ್ಲ. ಆದರೆ ಆ ಸರ್ಕಾರಕ್ಕೆ ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆ ಒಮ್ಮೆಗೇ ಎದ್ದು ನಿಂತಿತು. ಆ ಕುರ್ಚಿಗೆ ಬರುವವರು ಇವರೇ ಎಂದು ಪಕ್ಷದ ಬಹುಪಾಲು ಜನ ಯಾರ ಹೆಸರು ಹೇಳುತ್ತಿದ್ದರೋ, ಆ ಎಸ್. ನಿಜಲಿಂಗಪ್ಪನವರೇ ಗೆದ್ದವರ ಪಟ್ಟಿಯಲ್ಲಿ ಇರಲಿಲ್ಲ. ಚಿತ್ರದುರ್ಗ ಜಿಲ್ಲೆಯ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿ, ಪ್ರಜಾ ಸೋಷಲಿಸ್ಟ್ ಪಕ್ಷದ ಜಿ.ಟಿ. ರಂಗಪ್ಪನವರನ್ನು ಆರಿಸಿದ್ದರು.

ಸೋತವರು ಸಾಮಾನ್ಯರಲ್ಲ. 1956ರ ನವೆಂಬರ್ 1ರಂದು ಕನ್ನಡ ನಾಡು ಒಂದಾದಾಗ ಅದರ ಮೊದಲ ಮುಖ್ಯಮಂತ್ರಿಯಾದವರು ಅವರು. ಅದೂ ತಮ್ಮದೇ ಜಿಲ್ಲೆಯಲ್ಲಿ, ತಾವು ವಕೀಲಿಕೆ ಮಾಡಿ ಬೆಳೆದ ನೆಲದಲ್ಲಿ ಸೋತರು.

ಆಗಿನ ಬೆಂಗಳೂರಿನ ಉತ್ತರದ ಅಂಚನ್ನು ನೆನೆದರೆ ಈ ಕಥೆಯ ಭೂಗೋಳ ಸ್ಪಷ್ಟವಾಗುತ್ತದೆ. ಹೆಬ್ಬಾಳ, ಯಲಹಂಕ ಇನ್ನೂ ಊರಾಚೆಯ ಕೆರೆ-ತೋಟಗಳ ಸೀಮೆ. ಯಶವಂತಪುರದ ಪಕ್ಕದ ಜಾಲಹಳ್ಳಿಯಲ್ಲಿ ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ಬಂದು ದಶಕವೂ ತುಂಬಿರಲಿಲ್ಲ. ಯಶವಂತಪುರ ನಿಲ್ದಾಣದಲ್ಲಿ ಮೀಟರ್ ಗೇಜ್ ಹಳಿ ಕವಲೊಡೆಯುತ್ತಿತ್ತು. ಒಂದು ಯಲಹಂಕ, ದೊಡ್ಡಬಳ್ಳಾಪುರ ದಾಟಿ ಹಿಂದೂಪುರದ ಕಡೆಗೆ ಹೋಗುತ್ತಿತ್ತು. ಇನ್ನೊಂದು ತುಮಕೂರು, ಅರಸೀಕೆರೆ, ಬೀರೂರಿನ ಮೂಲಕ ಹುಬ್ಬಳ್ಳಿಗೆ. ಈ ಎರಡನೆಯ ಹಳಿಯ ಮೇಲೆಯೇ ಹೊಸದುರ್ಗ ರೋಡ್ ನಿಲ್ದಾಣವಿದೆ. ಅದೇ ಹಳಿ ಹಿಡಿದು ಹುಬ್ಬಳ್ಳಿ, ಗದಗ ದಾಟಿದರೆ ಬಾಗಲಕೋಟೆ. 1962ರ ಮಾರ್ಚಿನಿಂದ ಜೂನ್‌ವರೆಗೆ ರಾಜ್ಯದ ರಾಜಕೀಯ ಓಡಿದ್ದು ಈ ಎರಡು ಊರುಗಳ ನಡುವೆ.

ಒಂದು ಕ್ಷೇತ್ರದ ಸೋಲು ಇಷ್ಟು ದೊಡ್ಡದಾಗಲು ನಮ್ಮ ಆಡಳಿತದ ಪದ್ಧತಿಯೂ ಕಾರಣ. ಅಮೆರಿಕದಲ್ಲಿ ರಾಜ್ಯದ ಗವರ್ನರ್‌ನನ್ನು ಜನರೇ ನೇರವಾಗಿ ಆರಿಸುತ್ತಾರೆ. ಆಡಳಿತದ ಚುಕ್ಕಾಣಿ ಅವನದೇ. ನಮ್ಮಲ್ಲಿ ರಾಜ್ಯಪಾಲರು ನೇಮಕವಾಗಿ ಬರುವವರು. ಚುಕ್ಕಾಣಿ ಹಿಡಿಯುವವರು ಮುಖ್ಯಮಂತ್ರಿ, ಆ ಮುಖ್ಯಮಂತ್ರಿಯನ್ನು ಆರಿಸುವವರು ಶಾಸಕರು. ಮೈಸೂರಿನ ಮಟ್ಟಿಗೆ ಇನ್ನೊಂದು ವಿಶೇಷವೂ ಇತ್ತು. 1962ರಲ್ಲಿ ರಾಜ್ಯಪಾಲರಾಗಿದ್ದವರು ಜಯಚಾಮರಾಜೇಂದ್ರ ಒಡೆಯರ್. 1947ರವರೆಗೆ ಯಾವ ರಾಜಮನೆತನದ ಆಳ್ವಿಕೆಯ ವಿರುದ್ಧ ಕಾಂಗ್ರೆಸ್ಸಿನವರು ಜೈಲಿಗೆ ಹೋಗಿದ್ದರೋ, ಅದೇ ಮನೆತನದ ಮಹಾರಾಜರ ಮುಂದೆ ನಿಂತು ಅದೇ ಕಾಂಗ್ರೆಸ್ಸಿನವರು ಪ್ರಮಾಣವಚನ ಸ್ವೀಕರಿಸುತ್ತಿದ್ದರು. ನಿಜಲಿಂಗಪ್ಪನವರೇ 1939ರ ತುರುವನೂರು ಅರಣ್ಯ ಸತ್ಯಾಗ್ರಹದಲ್ಲಿ ಸೆರೆಮನೆ ಕಂಡವರು.

ಹೊಸದುರ್ಗದ ಫಲಿತಾಂಶಕ್ಕೆ ಅಷ್ಟು ತೂಕ ಬಂದದ್ದೇಕೆ ಎಂದು ತಿಳಿಯಲು ಹತ್ತು ವರ್ಷ ಹಿಂದಕ್ಕೆ ಹೋಗಬೇಕು.

1952ರಲ್ಲಿ ಹಳೆಯ ಮೈಸೂರಿನ 99 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ 74 ಗೆದ್ದು, ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾದರು. ವಿಧಾನಸೌಧ ಎತ್ತಿ ನಿಲ್ಲಿಸಿದ ಅವರು ಏಕೀಕರಣವನ್ನೂ ಬೆಂಬಲಿಸಿದರು. ಹಳೆಯ ಮೈಸೂರಿನ ಅನೇಕ ನಾಯಕರಿಗೆ ಅದು ಬೇಕಿರಲಿಲ್ಲ. 1956ರ ಆಗಸ್ಟ್‌ನಲ್ಲಿ ತಮ್ಮದೇ ಪಕ್ಷದವರ ವಿಶ್ವಾಸ ಕಳೆದುಕೊಂಡು ಅವರು ಇಳಿದರು. ಕಡಿದಾಳ್ ಮಂಜಪ್ಪನವರು ಎರಡೂವರೆ ತಿಂಗಳಷ್ಟು ಕಾಲ ಮುಖ್ಯಮಂತ್ರಿಯಾಗಿದ್ದರು. ಅಷ್ಟರಲ್ಲಿ ನಾಡಿನ ನಕ್ಷೆಯೇ ಬದಲಾಯಿತು. ಮುಂಬಯಿ ರಾಜ್ಯದಿಂದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಬಂದವು. ಹೈದರಾಬಾದಿನಿಂದ ಬೀದರ್, ಗುಲ್ಬರ್ಗ, ರಾಯಚೂರು ಬಂದವು. ಮದರಾಸಿನಿಂದ ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ, ಜೊತೆಗೆ ಕೊಡಗು.

ಈ ಎಲ್ಲ ತುಂಡುಗಳೂ ಬೇರೆ ಬೇರೆ ಆಡಳಿತ, ಬೇರೆ ಬೇರೆ ಕಾನೂನು, ಬೇರೆ ಬೇರೆ ರಾಜಕೀಯದಲ್ಲಿ ಪಳಗಿದವು. ಅವನ್ನು ಹೊಂದಿಸಿಕೊಂಡು ಹೋಗಬಲ್ಲವರು ನಿಜಲಿಂಗಪ್ಪ ಎಂದು ಪಕ್ಷ ಭಾವಿಸಿದ್ದಕ್ಕೆ ಕಾರಣವಿತ್ತು. ಬಳ್ಳಾರಿ ಸೀಮೆಯ ಹಲುವಾಗಲಿನಲ್ಲಿ 1902ರಲ್ಲಿ ಹುಟ್ಟಿದವರು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಪುಣೆಯಲ್ಲಿ ಕಾನೂನು ಕಲಿತವರು, ಚಿತ್ರದುರ್ಗದಲ್ಲಿ ವಕೀಲಿಕೆ ಮಾಡಿದವರು. ಮೈಸೂರು ಸೀಮೆಯಲ್ಲಿ ಮನೆ ಮಾಡಿಕೊಂಡೇ ಕರ್ನಾಟಕ ಪ್ರದೇಶ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ಹುಬ್ಬಳ್ಳಿ-ಧಾರವಾಡದ ಕಾರ್ಯಕರ್ತರನ್ನು ನಡೆಸಿದವರು. ಗಡಿಯ ಈಚೆ ಆಚೆ ಎರಡೂ ಕಡೆ ಅವರಿಗೆ ನಂಟಿತ್ತು.

1957ರ ಚುನಾವಣೆಯಲ್ಲಿ ಅವರು ಮೊಳಕಾಲ್ಮೂರಿನಿಂದ ಗೆದ್ದರು. ಕಾಂಗ್ರೆಸ್ 150 ಸ್ಥಾನ ಪಡೆಯಿತು. ಅಷ್ಟು ದೊಡ್ಡ ಬಹುಮತವೂ ಒಳಜಗಳವನ್ನು ತಡೆಯಲಿಲ್ಲ. 1958ರ ಮೇ ತಿಂಗಳಲ್ಲಿ ನಿಜಲಿಂಗಪ್ಪ ರಾಜೀನಾಮೆ ಕೊಟ್ಟರು, ಬಿ.ಡಿ. ಜತ್ತಿ ಮುಖ್ಯಮಂತ್ರಿಯಾದರು. ಜಮಖಂಡಿ ತಾಲ್ಲೂಕಿನ ಸಾವಳಗಿಯವರಾದ ಜತ್ತಿ, ಜಮಖಂಡಿ ಸಂಸ್ಥಾನದಲ್ಲಿ ಮಂತ್ರಿಯಾಗಿ, ಆಮೇಲೆ ಮುಂಬಯಿ ಸರ್ಕಾರದಲ್ಲಿ ಉಪಮಂತ್ರಿಯಾಗಿ ಕೆಲಸ ಮಾಡಿದವರು. ಸದ್ದುಗದ್ದಲವಿಲ್ಲದ ಆಡಳಿತಗಾರ. ಅವರ ಅಧ್ಯಕ್ಷತೆಯ ಸಮಿತಿಯೇ 1961ರ ಭೂಸುಧಾರಣಾ ಕಾಯಿದೆಗೆ ದಾರಿ ಮಾಡಿತ್ತು. ಜತ್ತಿ ಮತ್ತು ನಿಜಲಿಂಗಪ್ಪ ಇಬ್ಬರೂ ಲಿಂಗಾಯತರು. ಹಾಗಾಗಿ ಇದನ್ನು ಬರಿಯ ಜಾತಿಲೆಕ್ಕದಲ್ಲಿ ಅಳೆಯಲು ಹೋದರೆ ಕಥೆ ಕೈಗೆ ಸಿಗುವುದಿಲ್ಲ. ಇದು ಬಣಗಳ, ಸೀಮೆಗಳ, ವ್ಯಕ್ತಿನಿಷ್ಠೆಗಳ ಹಣಾಹಣಿ. ಸುಮಾರು ನಾಲ್ಕು ವರ್ಷ ಜತ್ತಿ ಆಳಿದರು; ನಿಜಲಿಂಗಪ್ಪನವರ ಬಣ ಕಾಯಿತು. 1962 ಆ ಕಾಯುವಿಕೆಯ ಕೊನೆ ಎಂದು ಅವರ ಕಡೆಯವರು ನಂಬಿದ್ದರು.

ಮತದಾನದ ವಿಧಾನವೇ ಆ ಸಲ ಹೊಸದು. 1952 ಮತ್ತು 1957ರಲ್ಲಿ ಪ್ರತಿ ಅಭ್ಯರ್ಥಿಗೂ ಒಂದೊಂದು ಪೆಟ್ಟಿಗೆ ಇರುತ್ತಿತ್ತು. ಪೆಟ್ಟಿಗೆಯ ಮೇಲೆ ಅಂಟಿಸಿದ ಗುರುತು ನೋಡಿ, ಕೊಟ್ಟ ಚೀಟಿಯನ್ನು ಬೇಕಾದ ಪೆಟ್ಟಿಗೆಗೆ ಹಾಕಿದರಾಯಿತು. 1962ರಲ್ಲಿ ಎಲ್ಲರ ಹೆಸರೂ ಗುರುತೂ ಒಂದೇ ಹಾಳೆಯ ಮೇಲೆ ಬಂದವು. ಮತದಾರ ಮರೆಗೆ ಹೋಗಿ, ಜೋಡೆತ್ತೋ ಗುಡಿಸಲೋ ಎಂದು ನೋಡಿ ಮುದ್ರೆ ಒತ್ತಿ, ಹಾಳೆ ಮಡಿಸಿ, ಎಲ್ಲರಿಗೂ ಒಂದೇ ಆದ ಪೆಟ್ಟಿಗೆಗೆ ಹಾಕಬೇಕಿತ್ತು. ಜೋಡೆತ್ತು ಕಾಂಗ್ರೆಸ್ಸಿನದು, ಗುಡಿಸಲು ಪ್ರಜಾ ಸೋಷಲಿಸ್ಟರದು. 1961ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಓದು ಬರಹ ಬಲ್ಲವರು ಸರಿಸುಮಾರು ನಾಲ್ವರಲ್ಲಿ ಒಬ್ಬರು. ಉಳಿದ ಮೂವರಿಗೆ ಹೆಸರಿಗಿಂತ ಗುರುತೇ ಆಧಾರ. ಬೆರಳಿಗೆ ಹಚ್ಚುವ ಅಳಿಸದ ಶಾಯಿ ಮೈಸೂರಿನಲ್ಲೇ ತಯಾರಾಗಿ ಬಂದದ್ದೂ ಈ ಚುನಾವಣೆಗೇ ಮೊದಲು. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣಕ್ಕಾಗಿ ಶುರುವಾದ ಕಾರ್ಖಾನೆ ಆ ಶಾಯಿಯನ್ನು ಇಡೀ ದೇಶಕ್ಕೆ ಒದಗಿಸಿತು, ಇವತ್ತಿಗೂ ಒದಗಿಸುತ್ತಿದೆ.

ಹೊಸದುರ್ಗ ಮಳೆ ಕಡಿಮೆಯ ಸೀಮೆ. ವೇದಾವತಿ ಹರಿಯುವ ಕಡೆ ತೆಂಗಿನ ತೋಟ, ಉಳಿದಂತೆ ರಾಗಿಯ ಹೊಲ. ನೆರೆಯ ಹಿರಿಯೂರು ತಾಲ್ಲೂಕಿನಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಹಿನ್ನೀರು ಈ ತಾಲ್ಲೂಕಿನೊಳಕ್ಕೂ ಚಾಚುತ್ತದೆ. ಅಲ್ಲಿ ಸೋಷಲಿಸ್ಟರ ಮಾತಿಗೆ ಕಿವಿಗೊಡುವ ಜನರಿದ್ದರು. ಸೋಷಲಿಸ್ಟ್ ಪಕ್ಷ ಮತ್ತು ಕಿಸಾನ್ ಮಜ್ದೂರ್ ಪ್ರಜಾ ಪಕ್ಷ 1952ರಲ್ಲಿ ಸೇರಿ ಆದ ಪ್ರಜಾ ಸೋಷಲಿಸ್ಟ್ ಪಕ್ಷ 1957ರಲ್ಲಿ ರಾಜ್ಯದಲ್ಲಿ 18 ಸ್ಥಾನ ಗೆದ್ದಿತ್ತು. 1962ರಲ್ಲಿ ಅದು 20ಕ್ಕೇರಿತು. ಅದೇ ಚುನಾವಣೆಯಲ್ಲಿ ಮಲೆನಾಡಿನ ಶಾಂತವೇರಿ ಗೋಪಾಲಗೌಡರು ಲೋಹಿಯಾ ಬಣದ ಸೋಷಲಿಸ್ಟರಾಗಿ ಗೆದ್ದು ಮತ್ತೆ ಸಭೆಗೆ ಬಂದರು. ವಿರೋಧ ಪಕ್ಷಗಳು ಸಂಖ್ಯೆಯಲ್ಲಿ ಸಣ್ಣವಾದರೂ ಒಂದೊಂದು ಕ್ಷೇತ್ರದಲ್ಲಿ ದೊಡ್ಡ ಆಳನ್ನು ಕೆಡವುವ ಶಕ್ತಿ ಅವುಗಳಿಗಿತ್ತು.

ಹೊಸದುರ್ಗದ ತೀರ್ಪಿನ ಬಗ್ಗೆ ಆಮೇಲೆ ಒಳಸಂಚಿನ ಮಾತು, ಬಣದ್ವೇಷದ ಮಾತು ಬೇಕಾದಷ್ಟು ಹರಿದಾಡಿದವು. ಸೋತ ಕಡೆಯವರು ಕಾರಣ ಹುಡುಕುವುದು ಸಹಜ. ಆದರೆ ಜಿ.ಟಿ. ರಂಗಪ್ಪನವರ ಗೆಲುವನ್ನು ಇನ್ನೊಬ್ಬರ ಸಂಚಿನ ಫಲ ಎಂದಷ್ಟೇ ಕಾಣುವುದು ಅಲ್ಲಿಯ ಮತದಾರರಿಗೆ ಮಾಡುವ ಅನ್ಯಾಯ. ಮುಖ್ಯಮಂತ್ರಿಯಾಗುವವರು ಬೇಕೋ, ತಮ್ಮ ಕೈಗೆ ಸಿಗುವ ಶಾಸಕ ಬೇಕೋ ಎಂಬ ಆಯ್ಕೆ ಅವರ ಮುಂದಿತ್ತು. ಅವರು ಎರಡನೆಯದನ್ನು ಆರಿಸಿದರು. ಸ್ವಾತಂತ್ರ್ಯ ಬಂದು 15 ವರ್ಷವೂ ಆಗಿರದ ದೇಶದಲ್ಲಿ ಒಂದು ಬರಡು ತಾಲ್ಲೂಕಿನ ಜನ ಇಷ್ಟು ದೊಡ್ಡವರಿಗೆ ಬೇಡ ಅಂದದ್ದು ನಿಜಕ್ಕೂ ಹೆಮ್ಮೆಯ ಸಂಗತಿ.

ಇತ್ತ ಬೆಂಗಳೂರಿನಲ್ಲಿ ಗೊಂದಲ. ಜತ್ತಿಯವರು ಜಮಖಂಡಿಯಿಂದ ಗೆದ್ದು ಬಂದಿದ್ದರು. ಆದರೆ ಗೆದ್ದ ಕಾಂಗ್ರೆಸ್ ಶಾಸಕರಲ್ಲಿ ನಿಜಲಿಂಗಪ್ಪನವರ ಕಡೆಯವರ ಬಲವೇ ಹೆಚ್ಚು. ಗೆದ್ದ ನಾಯಕನ ಹಿಂದೆ ಶಾಸಕರಿಲ್ಲ, ಶಾಸಕರಿದ್ದ ನಾಯಕನಿಗೆ ಸ್ಥಾನವಿಲ್ಲ. ಮಾರ್ಚ್ 9ಕ್ಕೆ ಜತ್ತಿಯವರ ಅಧಿಕಾರ ಮುಗಿಯಿತು.

ಕಾನೂನಿನಲ್ಲಿ ದಾರಿಯೇ ಇರಲಿಲ್ಲವೆಂದಲ್ಲ. ಸಂವಿಧಾನದ 164ನೇ ವಿಧಿಯ ಪ್ರಕಾರ ಶಾಸಕರಲ್ಲದವರೂ ಮಂತ್ರಿಯಾಗಬಹುದು, ಆರು ತಿಂಗಳೊಳಗೆ ಆರಿಸಿ ಬಂದರೆ ಸಾಕು. ಅದನ್ನು ಬಳಸಿದ ಉದಾಹರಣೆ ಕನ್ನಡಿಗರ ಕಣ್ಣೆದುರಿಗೇ ಇತ್ತು. 1952ರಲ್ಲಿ ಮುಂಬಯಿ ರಾಜ್ಯದ ಚುನಾವಣೆಯಲ್ಲಿ ಮೊರಾರ್ಜಿ ದೇಸಾಯಿ ಗುಜರಾತಿನ ಬುಲ್ಸಾರ್ ಕಡೆಯ ಕ್ಷೇತ್ರದಲ್ಲಿ ಸೋಷಲಿಸ್ಟ್ ಅಭ್ಯರ್ಥಿ ಅಮೂಲ್ ದೇಸಾಯಿಯವರ ಎದುರು ಸೋತರು. ಅಂತರ 19 ಮತ! ಹಾಗಿದ್ದೂ ಅವರನ್ನೇ ಪಕ್ಷ ನಾಯಕರಾಗಿ ಆರಿಸಿತು, ಅವರು ಮುಖ್ಯಮಂತ್ರಿಯಾದರು, ಆಮೇಲೆ ಉಪಚುನಾವಣೆಯಲ್ಲಿ ಗೆದ್ದು ಬಂದರು. ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರದ ಜನರನ್ನು ಆಗ ಆಳುತ್ತಿದ್ದದ್ದು ಆ ಸರ್ಕಾರವೇ. ದಕ್ಷಿಣ ಕನ್ನಡದವರೂ ಕೊಳ್ಳೇಗಾಲದವರೂ ಅದೇ ವರ್ಷ ಮದರಾಸಿನಲ್ಲಿ ಇನ್ನೊಂದು ಬಗೆ ಕಂಡಿದ್ದರು. ರಾಜಾಜಿ ಚುನಾವಣೆಗೇ ನಿಲ್ಲದೆ, ಮೇಲ್ಮನೆಗೆ ನಾಮಕರಣಗೊಂಡು ಮುಖ್ಯಮಂತ್ರಿಯಾದರು.

1952ರ ಆ ಮುಂಬಯಿ ಪ್ರಸಂಗವನ್ನು ಹತ್ತಿರದಿಂದ ಕಂಡ ಇಬ್ಬರು 1962ರ ಬೆಂಗಳೂರಿನಲ್ಲಿ ಮುಖ್ಯ ಪಾತ್ರಧಾರಿಗಳು. ಒಬ್ಬರು ಜತ್ತಿ, ಮೊರಾರ್ಜಿ ಸಂಪುಟದಲ್ಲಿ ಉಪಮಂತ್ರಿಯಾಗಿದ್ದವರು. ಇನ್ನೊಬ್ಬರು ಅದೇ ಮುಂಬಯಿ ವಿಧಾನಸಭೆಯ ಉಪಸಭಾಧ್ಯಕ್ಷರಾಗಿದ್ದ ಎಸ್.ಆರ್. ಕಂಠಿ.

ಮೈಸೂರಿನಲ್ಲಿ ಮೊರಾರ್ಜಿಯವರ ಹಾದಿ ತುಳಿಯಲಿಲ್ಲ. ಸೋತವರನ್ನು ನೇರ ಕುರ್ಚಿಗೆ ಕೂರಿಸುವ ಬದಲು, ಶಿವಲಿಂಗಪ್ಪ ರುದ್ರಪ್ಪ ಕಂಠಿಯವರು ಮುಖ್ಯಮಂತ್ರಿಯಾಗುವುದು, ನಿಜಲಿಂಗಪ್ಪ ಮೊದಲು ಶಾಸಕರಾಗಿ ಬರುವುದು ಎಂದಾಯಿತು. 1962ರ ಮಾರ್ಚ್ 14ರಂದು ಕಂಠಿ ಪ್ರಮಾಣವಚನ ಸ್ವೀಕರಿಸಿದರು.

ಕಂಠಿಯವರನ್ನೇ ಆರಿಸಿದ್ದು ಏಕೆ? ಬಾಗಲಕೋಟೆ ಸೀಮೆಯ ಕೆರೂರಿನಲ್ಲಿ 1908ರಲ್ಲಿ ಹುಟ್ಟಿದ ವಕೀಲರು ಅವರು. ಹುನಗುಂದದ ಶಾಸಕರು, ನಿಜಲಿಂಗಪ್ಪನವರಿಗೆ ನಿಷ್ಠರು. ಅದಕ್ಕಿಂತ ಮುಖ್ಯವಾಗಿ, 1956ರ ಡಿಸೆಂಬರಿನಿಂದ ಅವರು ಏಕೀಕೃತ ರಾಜ್ಯದ ಮೊದಲ ಸಭಾಧ್ಯಕ್ಷರು. ಐದು ವರ್ಷ ಎಲ್ಲ ಬಣಗಳ ಮಾತಿಗೂ ಸಮನಾಗಿ ಕಿವಿಗೊಟ್ಟು, ಯಾರಿಗೆ ಎಷ್ಟು ಹೊತ್ತು, ಯಾರಿಗೆ ಯಾವಾಗ ಎಂದು ತೂಗಿ ನಡೆಸಿದವರು. ಬೇರೆ ಬೇರೆ ಸೀಮೆಗಳಿಂದ ಬಂದ ಶಾಸಕರಲ್ಲಿ ಒಬ್ಬೊಬ್ಬರ ಕನ್ನಡವೂ ಒಂದೊಂದು ಬಗೆ, ಸದನದ ರೂಢಿಗಳೂ ಬೇರೆ. ಆ ಸದನಕ್ಕೆ ಒಂದು ಶಿಸ್ತು ತಂದ ಹಿರಿಮೆ ಅವರದು. ಅಧಿಕಾರ ಕೈಗೆ ಬಂದರೆ ಹಿಡಿದು ಕೂರುವವರಲ್ಲ ಎಂಬ ನಂಬಿಕೆ ಅವರ ಮೇಲಿತ್ತು.

ಆ ನಂಬಿಕೆ ಎಷ್ಟು ದೊಡ್ಡದೆಂದು ಇಂದಿನವರಿಗೆ ಬಿಡಿಸಿ ಹೇಳಬೇಕಿಲ್ಲ. 1961ರ ಗಣತಿಯಂತೆ 2 ಕೋಟಿ 35 ಲಕ್ಷಕ್ಕೂ ಹೆಚ್ಚು ಜನಸಂಖ್ಯೆಯ ರಾಜ್ಯ, 138 ಶಾಸಕರ ಬಹುಮತ, ಮುಂದೆ ಪೂರ್ತಿ ಐದು ವರ್ಷ. ಮುಖ್ಯಮಂತ್ರಿಯ ಕೈಯಲ್ಲಿ ಖಾತೆ ಹಂಚುವ ಅಧಿಕಾರ, ನಿಗಮಗಳ ನೇಮಕ, ಕಾಮಗಾರಿಗಳ ಮಂಜೂರಾತಿ. ಮನಸ್ಸು ಮಾಡಿದ್ದರೆ ಕೆಲವೇ ವಾರಗಳಲ್ಲಿ ಒಂದು ಮೂರನೆಯ ಬಣ ಕಟ್ಟಬಹುದಿತ್ತು. ಜತ್ತಿಯವರ ಕಡೆಯವರ ಕೈ ಹಿಡಿದಿದ್ದರೆ ನಿಜಲಿಂಗಪ್ಪನವರ ಹಾದಿಗೆ ಅಡ್ಡ ನಿಲ್ಲಲೂಬಹುದಿತ್ತು. ಕಂಠಿ ಜತ್ತಿಯವರನ್ನು ಸಂಪುಟಕ್ಕೆ ತೆಗೆದುಕೊಂಡರು, ಹಣಕಾಸು ಖಾತೆ ಕೊಟ್ಟರು. ಮೊನ್ನೆಯವರೆಗೆ ಮುಖ್ಯಮಂತ್ರಿಯಾಗಿದ್ದವರು ಸಂಪುಟದಲ್ಲಿ ಮಂತ್ರಿಯಾಗಿ ಕೂತರು. ಅದಕ್ಕೂ ದೊಡ್ಡ ಮನಸ್ಸು ಬೇಕು, ಜತ್ತಿಯವರಿಗೆ ಅದಿತ್ತು.

ಈಗ ಬಾಗಲಕೋಟೆ. ಅಲ್ಲಿ ಕಾಂಗ್ರೆಸ್ಸಿನಿಂದ ಗೆದ್ದಿದ್ದವರು ಬಿ.ಟಿ. ಮುರನಾಳ. ಗೆದ್ದ ಕೆಲವೇ ತಿಂಗಳಲ್ಲಿ ಅವರು ರಾಜೀನಾಮೆ ಕೊಟ್ಟು ಸ್ಥಾನ ತೆರವು ಮಾಡಿದರು. ನಿಜಲಿಂಗಪ್ಪ ನಾಮಪತ್ರ ಸಲ್ಲಿಸಿದರು. ಕಣದಲ್ಲಿ ಎದುರಾಳಿ ಉಳಿಯಲಿಲ್ಲ. ಅವರು ಅವಿರೋಧವಾಗಿ ಆಯ್ಕೆಯಾದರು.

ಅವಿರೋಧ ಆಯ್ಕೆ ಎಂದರೆ ನೆಲದ ಮೇಲೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ನಾಮಪತ್ರ ಹಿಂತೆಗೆದುಕೊಳ್ಳುವ ಗಡುವು ಮುಗಿಯುತ್ತದೆ. ಪಟ್ಟಿಯಲ್ಲಿ ಒಂದೇ ಹೆಸರು ಉಳಿದಿರುತ್ತದೆ. ಚುನಾವಣಾಧಿಕಾರಿ ಅಲ್ಲೇ ಫಲಿತಾಂಶ ಘೋಷಿಸುತ್ತಾರೆ. ಮತಪತ್ರ ಅಚ್ಚಾಗುವುದಿಲ್ಲ, ಪೆಟ್ಟಿಗೆಗಳು ಹಳ್ಳಿಗಳಿಗೆ ಹೋಗುವುದಿಲ್ಲ, ಶಾಲೆಯ ಮುಂದೆ ಸಾಲು ನಿಲ್ಲುವುದಿಲ್ಲ, ಯಾರ ಬೆರಳಿಗೂ ಮೈಸೂರಿನ ಶಾಯಿ ಹತ್ತುವುದಿಲ್ಲ. ಬಾಗಲಕೋಟೆಯ ಜನಕ್ಕೆ ನಿಜಲಿಂಗಪ್ಪ ಅಪರಿಚಿತರಲ್ಲ, ಏಕೀಕರಣದ ಹೋರಾಟದಲ್ಲಿ ಆ ಭಾಗದಲ್ಲೆಲ್ಲ ಓಡಾಡಿದವರು. ಮತ ಕೇಳಿದ್ದರೆ ಗೆದ್ದೇ ಗೆಲ್ಲುತ್ತಿದ್ದರೇನೋ. ಆದರೂ ಕೇಳಲಿಲ್ಲ ಎಂಬುದು ಉಳಿಯುತ್ತದೆ. ಮುಖ್ಯಮಂತ್ರಿಯ ಆಯ್ಕೆಯಲ್ಲಿ ಹೊಸದುರ್ಗದವರು ಮಾತಾಡಿದರು. ಬಾಗಲಕೋಟೆಯವರಿಗೆ ಮಾತಾಡುವ ಅವಕಾಶವೇ ಬರಲಿಲ್ಲ. ಫೆಬ್ರವರಿಯಲ್ಲಿ ಅವರು ಮುದ್ರೆ ಒತ್ತಿದ್ದು ಮುರನಾಳರಿಗೆ. ಜೂನ್ ಹೊತ್ತಿಗೆ ಅವರ ಶಾಸಕರು ಬೇರೆಯವರಾಗಿದ್ದರು.

ಮೊರಾರ್ಜಿಯವರಂತೆ ಮೊದಲು ಪೀಠ, ಆಮೇಲೆ ಚುನಾವಣೆ ಎನ್ನದೆ, ಮೊದಲು ಸದಸ್ಯತ್ವ ಎಂದದ್ದು ಒಂದು ಬಗೆಯ ಮರ್ಯಾದೆ, ನಿಜ. ಆದರೆ ಆ ಮರ್ಯಾದೆ ಪೂರ್ತಿಯಾಗಬೇಕಿದ್ದರೆ ಎದುರಾಳಿ ಕಣದಲ್ಲಿರಬೇಕಿತ್ತು, ಮತಪೆಟ್ಟಿಗೆ ಹಳ್ಳಿಗೆ ಹೋಗಬೇಕಿತ್ತು. ಸೋತ ಮೇಲೆ ಇನ್ನೊಂದು ಊರಿನ ಜನರ ಮುಂದೆ ನಿಂತು ಗೆದ್ದು ಬಂದಿದ್ದರೆ ನಿಜಲಿಂಗಪ್ಪನವರ ಕೈ ಇನ್ನಷ್ಟು ಗಟ್ಟಿಯಾಗುತ್ತಿತ್ತು.

1962ರ ಜೂನ್ 20ಕ್ಕೆ ಕಂಠಿ ಇಳಿದರು. ಮರುದಿನ ನಿಜಲಿಂಗಪ್ಪ ಮುಖ್ಯಮಂತ್ರಿಯಾದರು. ಮೂರು ತಿಂಗಳು ಚಿಲ್ಲರೆ ದಿನಗಳ ಆ ಸರ್ಕಾರದಲ್ಲಿ ಒಡಕು, ಹಟ, ಮುನಿಸು ಯಾವುದೂ ಕುರ್ಚಿಯ ಹಸ್ತಾಂತರವನ್ನು ತಡೆಯಲಿಲ್ಲ.

ಅದೇ 1962ರ ನವೆಂಬರ್ 6ರಂದು, ಭೂಮಿಯ ಇನ್ನೊಂದು ಬದಿಯಲ್ಲಿ, ಅಮೆರಿಕದ ಮಿನೆಸೋಟ ರಾಜ್ಯ ತನ್ನ ಗವರ್ನರ್‌ಗಾಗಿ ಮತ ಹಾಕಿತು. ಅಧಿಕಾರದಲ್ಲಿದ್ದ ರಿಪಬ್ಲಿಕನ್ ಎಲ್ಮರ್ ಆಂಡರ್ಸನ್ ಒಂದು ಕಡೆ. ಡೆಮಾಕ್ರಟಿಕ್ ಫಾರ್ಮರ್-ಲೇಬರ್ ಪಕ್ಷದ ಕಾರ್ಲ್ ರೋಲ್ವಾಗ್ ಇನ್ನೊಂದು ಕಡೆ. ಈ ರೋಲ್ವಾಗ್ ಆಂಡರ್ಸನ್ನರದೇ ಆಡಳಿತದಲ್ಲಿ ಉಪಗವರ್ನರ್. ಆಗ ಅಲ್ಲಿ ಆ ಎರಡು ಹುದ್ದೆಗಳಿಗೂ ಬೇರೆ ಬೇರೆಯಾಗಿ ಚುನಾವಣೆ ನಡೆಯುತ್ತಿದ್ದುದರಿಂದ ಹೀಗೆ ಎದುರಾಳಿಗಳಿಬ್ಬರೂ ಒಂದೇ ಸರ್ಕಾರದಲ್ಲಿದ್ದರು. ಚುನಾವಣೆಗೆ ಮುಂಚಿನ ದಿನಗಳಲ್ಲಿ 35ನೇ ಹೆದ್ದಾರಿಯ ಒಂದು ಭಾಗವನ್ನು ಪ್ರಚಾರಕ್ಕಾಗಿ ಆತುರದಲ್ಲಿ ಮುಗಿಸಿದರು, ಕಾಂಕ್ರೀಟ್ ಕೆಲಸ ಕೆಟ್ಟಿದೆ ಎಂಬ ಆರೋಪ ಆಂಡರ್ಸನ್ ಸರ್ಕಾರದ ಮೇಲೆ ಬಂದು ಗದ್ದಲವೆದ್ದಿತ್ತು.

ಹನ್ನೆರಡು ಲಕ್ಷಕ್ಕೂ ಹೆಚ್ಚು ಮತಗಳು ಬಿದ್ದವು. ಲೆಕ್ಕ ಒಮ್ಮೆ ಇವರ ಕಡೆ ವಾಲಿತು, ಒಮ್ಮೆ ಅವರ ಕಡೆ. ಅಧಿಕೃತ ಎಣಿಕೆಯಲ್ಲಿ ಆಂಡರ್ಸನ್ 142 ಮತ ಮುಂದೆ ಎಂದಾಯಿತು. ರೋಲ್ವಾಗ್ ಮರುಎಣಿಕೆ ಕೇಳಿದರು. ಮೂವರು ನ್ಯಾಯಾಧೀಶರ ಪೀಠದ ಉಸ್ತುವಾರಿಯಲ್ಲಿ, ಎರಡೂ ಪಕ್ಷಗಳ ಒಬ್ಬೊಬ್ಬರು ಮತ್ತು ತಟಸ್ಥರೊಬ್ಬರು ಇದ್ದ ತಂಡಗಳು ಚಳಿಗಾಲವೆಲ್ಲ ಕೂತು ಮತಪತ್ರ ಒಂದೊಂದನ್ನೂ ಬಿಚ್ಚಿ ನೋಡಿದವು. ಗುರುತು ಚೌಕದೊಳಗಿದೆಯೇ, ಎರಡು ಕಡೆ ಬಿದ್ದಿದೆಯೇ, ಮತದಾರ ಯಾರೆಂದು ತಿಳಿಯುವಂಥ ಗೀಟು ಇದೆಯೇ ಎಂಬ ತಕರಾರುಗಳು. ಅಷ್ಟು ಕಾಲ ಆಂಡರ್ಸನ್ನರೇ ಗವರ್ನರ್ ಕುರ್ಚಿಯಲ್ಲಿದ್ದರು. ಮತದಾನ ಮುಗಿದು 139 ದಿನಗಳಾದ ಮೇಲೆ, 1963ರ ಮಾರ್ಚ್ 25ರಂದು ರೋಲ್ವಾಗ್ ಅಧಿಕಾರ ವಹಿಸಿಕೊಂಡರು. ಅಂತಿಮ ಲೆಕ್ಕ: ರೋಲ್ವಾಗ್ 6,19,842, ಆಂಡರ್ಸನ್ 6,19,751. ಅಂತರ 91. ಆಂಡರ್ಸನ್ ಮೇಲ್ಮನವಿಗೆ ಹೋಗದೆ ಬಿಟ್ಟುಕೊಟ್ಟರು.

ಮಿನೆಸೋಟದಲ್ಲಿ ಇಡೀ ರಾಜ್ಯದ ಪ್ರತಿ ಚೀಟಿಗೂ ಒಂದೇ ಬೆಲೆ. ಮೂಲೆಯ ಹಳ್ಳಿಯ ಒಂದು ಗೀಟು ಕೂಡ ಗವರ್ನರ್‌ನನ್ನು ಬದಲಿಸಬಹುದಿತ್ತು. ಮೈಸೂರಿನಲ್ಲಿ ಯಲಹಂಕದ ಮತದಾರನಿಗೂ ಹೆಬ್ಬಾಳದ ಮತದಾರನಿಗೂ ನಿಜಲಿಂಗಪ್ಪ ಬೇಕು ಅಥವಾ ಬೇಡ ಎನ್ನುವ ಚೀಟಿಯೇ ಕೈಗೆ ಬರಲಿಲ್ಲ. ಅದು ಬಂದದ್ದು ಹೊಸದುರ್ಗದವರ ಕೈಗೆ ಮಾತ್ರ. ಆದರೆ ಅಮೆರಿಕದ ಪದ್ಧತಿಯಲ್ಲಿ ಸೋತವರು ಸೋತಂತೆಯೇ. ಇನ್ನೊಂದು ಊರಿನಿಂದ ಬಂದು ಅದೇ ಕುರ್ಚಿ ಏರುವ ದಾರಿ ಅಲ್ಲಿಲ್ಲ. ನಮ್ಮ ಪದ್ಧತಿ ಸೋತವರಿಗೂ ಬಾಗಿಲು ತೆರೆದಿಡುತ್ತದೆ. ಆ ಬಾಗಿಲಿನಿಂದ ಬಂದವರು ಆಮೇಲೆ ಏನು ಮಾಡಿದರು ಎಂಬುದರ ಮೇಲೆ ಅದರ ಒಳಿತು ಕೆಡುಕು ನಿಂತಿದೆ.

ನಿಜಲಿಂಗಪ್ಪನವರ ಎರಡನೆಯ ಅವಧಿ ಆರು ವರ್ಷ ನಡೆಯಿತು. ಏರಿದ ನಾಲ್ಕೇ ತಿಂಗಳಿಗೆ ಚೀನಾ ಯುದ್ಧ. ಆದರೂ ಶರಾವತಿ ಯೋಜನೆ ನಿಲ್ಲಲಿಲ್ಲ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಅದೇ ವರ್ಷ ಬೆಂಗಳೂರು ವಿಶ್ವವಿದ್ಯಾಲಯ ಹುಟ್ಟಿತು. ಸಂಪುಟದಲ್ಲಿ ಬೆಳೆದ ವೀರೇಂದ್ರ ಪಾಟೀಲ, ರಾಮಕೃಷ್ಣ ಹೆಗಡೆ ಇಬ್ಬರನ್ನು ಜನ ಲವ-ಕುಶ ಎಂದು ಕರೆದರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು.

ಉತ್ತರ ಬೆಂಗಳೂರಿನವರು ಆ ಅವಧಿಯ ಫಲವನ್ನು ಬಳ್ಳಾರಿ ರಸ್ತೆಯಲ್ಲಿ ದಿನವೂ ಕಾಣುತ್ತಾರೆ. ಹೆಬ್ಬಾಳದಲ್ಲಿ 1899ರಷ್ಟು ಹಿಂದೆಯೇ ವಾಣಿವಿಲಾಸ ಸನ್ನಿಧಾನದ ಮಹಾರಾಣಿಯವರು ಕೊಟ್ಟ 30 ಎಕರೆಯಲ್ಲಿ ಕೃಷಿ ಪ್ರಯೋಗದ ತಾಕು ಶುರುವಾಗಿತ್ತು; 1946ರಲ್ಲಿ ಕೃಷಿ ಕಾಲೇಜು ಬಂತು. 1963ರಲ್ಲಿ ವಿಧಾನಮಂಡಲ ಕೃಷಿ ವಿಶ್ವವಿದ್ಯಾಲಯದ ಕಾಯಿದೆ ಮಾಡಿತು. 1964ರ ಆಗಸ್ಟ್ 21ರಂದು, ಡಾ. ಕೆ.ಸಿ. ನಾಯಕ್ ಕುಲಪತಿಯಾಗಿ, ವಿಶ್ವವಿದ್ಯಾಲಯ ಆರಂಭವಾಯಿತು. ಪಾಠ, ಸಂಶೋಧನೆ, ರೈತರ ಹೊಲಕ್ಕೆ ತಿಳಿವಳಿಕೆ ಒಯ್ಯುವುದು, ಈ ಮೂರೂ ಒಂದೇ ಸಂಸ್ಥೆಯ ಕೆಲಸವೆಂಬ ಅಮೆರಿಕದ ಮಾದರಿಯನ್ನು ಅದು ಹಿಡಿಯಿತು. ಹೆಬ್ಬಾಳದಿಂದ ಯಲಹಂಕದತ್ತ ಹೋಗುವಾಗ ಬಲಕ್ಕೆ ಸಿಗುವ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ 1,300 ಎಕರೆಯಷ್ಟು ಹಸಿರು ಆ ನಿರ್ಧಾರದಿಂದ ಬಂದದ್ದು. ಹೆಬ್ಬಾಳದ ಕಾಲೇಜೂ ಧಾರವಾಡದ ಕೃಷಿ ಕಾಲೇಜೂ ಆಗ ಒಂದೇ ವಿಶ್ವವಿದ್ಯಾಲಯದಡಿ ಬಂದವು. ಹಲವು ರಾಜ್ಯಗಳಲ್ಲಿ ಹರಿದು ಹಂಚಿದ್ದ ನಾಡು ಒಂದಾಗಿದೆ ಎಂಬುದನ್ನು ರೈತನ ಮಟ್ಟದಲ್ಲಿ ತೋರಿಸಿದ ಕೆಲಸಗಳಲ್ಲಿ ಇದೂ ಒಂದು. 1986ರಲ್ಲಷ್ಟೇ ಧಾರವಾಡದ್ದು ಬೇರೆಯಾಯಿತು.

1967ರ ಚುನಾವಣೆಗೆ ನಿಜಲಿಂಗಪ್ಪ ಹೊಸದುರ್ಗಕ್ಕೂ ಹೋಗಲಿಲ್ಲ, ಬಾಗಲಕೋಟೆಗೂ ಹೋಗಲಿಲ್ಲ. ಧಾರವಾಡ ಜಿಲ್ಲೆಯ ಶಿಗ್ಗಾಂವಿಯಿಂದ ಆರಿಸಿ ಬಂದರು. ಕಾಂಗ್ರೆಸ್ಸಿನ ಬಲ 216ರಲ್ಲಿ 126ಕ್ಕೆ ಇಳಿದಿತ್ತು. 1968ರಲ್ಲಿ ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾಗಿ ದೆಹಲಿಗೆ ಹೋದರು. 1969ರ ನವೆಂಬರಿನಲ್ಲಿ ಅವರ ಅಧ್ಯಕ್ಷತೆಯಲ್ಲೇ ಇಂದಿರಾ ಗಾಂಧಿಯವರನ್ನು ಪಕ್ಷದಿಂದ ಹೊರಹಾಕಲಾಯಿತು, ಕಾಂಗ್ರೆಸ್ ಒಡೆಯಿತು. ಜತ್ತಿ 1965ರವರೆಗೆ ಹಣಕಾಸು, ಆಮೇಲೆ ಆಹಾರ ಖಾತೆ ನೋಡಿಕೊಂಡರು. 1974ರಲ್ಲಿ ಉಪರಾಷ್ಟ್ರಪತಿಯಾದರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು.

ಕಂಠಿಯವರ ಬಗ್ಗೆ ಇಷ್ಟು ಬರೆಯುವವರು ಕಡಿಮೆ. ಮುಖ್ಯಮಂತ್ರಿಗಳ ಪಟ್ಟಿಯಲ್ಲಿ ಎರಡು ದೊಡ್ಡ ಹೆಸರುಗಳ ನಡುವೆ ಒಂದು ಸಾಲಾಗಿ ಅವರು ಉಳಿದಿದ್ದಾರೆ, ಹೆಚ್ಚೆಂದರೆ ಹಂಗಾಮಿ ಎಂಬ ವಿಶೇಷಣದೊಂದಿಗೆ. ಅದು ಸಾಲದು. ಮುಖ್ಯಮಂತ್ರಿ ಸ್ಥಾನ ಬಿಟ್ಟ ಮೇಲೆ ಅವರು ಮುನಿಸಿಕೊಂಡು ಮನೆಗೆ ಹೋಗಲಿಲ್ಲ. ತಾವು ದಾರಿ ಬಿಟ್ಟುಕೊಟ್ಟವರ ಸಂಪುಟದಲ್ಲೇ ಶಿಕ್ಷಣ ಮಂತ್ರಿಯಾಗಿ ಕೆಲಸ ಮಾಡಿದರು. 1963ರ ಸೆಪ್ಟೆಂಬರಿನಲ್ಲಿ ಬಿಜಾಪುರದಲ್ಲಿ ಸೈನಿಕ ಶಾಲೆ ತೆರೆದದ್ದರ ಹಿಂದೆ ಅವರ ದುಡಿಮೆಯಿತ್ತು. 1969ರ ಡಿಸೆಂಬರಿನಲ್ಲಿ, 61ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.